ತುಕ್ಕು ಎಲ್ಲಿ ಹಿಡಿಯುತ್ತೆ, ಎಲ್ಲಿ ಹಿಡಿಯಲ್ಲ

ಸಂಡೂರು ಕಡೆ ಅದಿರು ಹೊಡೆಯುವ ಹತ್ತು ಚಕ್ರದ ಟಿಪ್ಪರ್ ಒಂದರ ಪುಟ್ಟ ಮಾಡೆಲನ್ನು 1:24 ಅಳತೆಯಲ್ಲಿ, ಅಂದರೆ ನಿಜವಾದ ಗಾಡಿಗಿಂತ 24 ಪಟ್ಟು ಚಿಕ್ಕದಾಗಿ, ಮಾಡಿದ್ದೆ. ಬಾಡಿಯ ಒಳಗೆಲ್ಲ ತುಕ್ಕಿನ ಬಣ್ಣ ಹಚ್ಚಿದ್ದೆ. ಅದಿರಿನ ಗಾಡಿ, ತುಕ್ಕು ಇದ್ದೇ ಇರುತ್ತೆ ಅಂತ ನನ್ನ ಲೆಕ್ಕ. ಪರಿಚಯದ ಡ್ರೈವರ್ ಒಬ್ಬರು ಅದನ್ನು ಎತ್ತಿಕೊಂಡು ಒಳಗೆ ಇಣುಕಿದರು. "ಸಾರ್, ಇದು ಶೆಡ್ಡಲ್ಲಿ ನಿಂತಿರೋ ಗಾಡಿನಾ? ದಿನಾ ಲೋಡ್ ಹೊಡೆಯೋ ಗಾಡಿ ಒಳಗೆ ಫಳಫಳ ಅಂತಿರುತ್ತೆ" ಅಂದರು.

ಅವರ ಮಾತು ಸರಿ. ಬಾಡಿ ಎತ್ತಿದಾಗ ಟನ್‌ಗಟ್ಟಲೆ ಕಲ್ಲು ಹಿಂದಕ್ಕೆ ಜಾರುತ್ತೆ. ಪ್ರತಿ ಸಲವೂ ತಳದ ತಗಡನ್ನು ಉಜ್ಜಿಕೊಂಡೇ ಹೋಗುತ್ತೆ. ಅಲ್ಲಿ ತುಕ್ಕು ನಿಲ್ಲೋದು ಹೇಗೆ? ಗೀರುಗಳೂ ಅಡ್ಡಾದಿಡ್ಡಿ ಇರಲ್ಲ, ಕ್ಯಾಬಿನ್ ಕಡೆಯಿಂದ ಹಿಂದಿನ ಬಾಗಿಲ ಕಡೆಗೆ ಉದ್ದಕ್ಕೆ ಇರುತ್ತವೆ. ಬಾಗಿಲ ಬಳಿಯ ತಳದ ಅಂಚು ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತೆ. ಕಲ್ಲು ತಾಗದ ಮೂಲೆಗಳಲ್ಲಿ ಮಾತ್ರ ಕೆಂಪು ಪುಡಿ ಗಟ್ಟಿಯಾಗಿ ಕೂತಿರುತ್ತೆ. ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನ ಗುಣವೇ ಅದು. ಗಟ್ಟಿ ನೋಡಿದರೆ ಬೂದು, ಪುಡಿಯಾದರೆ ಕೆಂಪು.

ಈ ಹೊಳಪಿಗೆ ದುಬಾರಿ ಬಣ್ಣ ಬೇಡ. ಮ್ಯಾಟ್ ಗಾಢ ಬೂದು ಬಣ್ಣ ಹಚ್ಚಿ, ಪೂರ್ತಿ ಒಣಗಲು ಬಿಡಿ. 6ಬಿ ಪೆನ್ಸಿಲ್ಲಿನ (ಚಿತ್ರ ಬರೆಯೋ ಮೆತ್ತನೆಯ ಪೆನ್ಸಿಲ್) ಸೀಸವನ್ನು ಮರಳು ಕಾಗದದ ಮೇಲೆ ಉಜ್ಜಿ ಪುಡಿ ಮಾಡಿಕೊಳ್ಳಿ. ಅದನ್ನು ಬೆರಳಲ್ಲಿ ಹಿಂದಕ್ಕೆ, ಒಂದೇ ದಿಕ್ಕಿನಲ್ಲಿ ತಿಕ್ಕಿ. ಸವೆದ ಕಬ್ಬಿಣದ ಆ ಮಂದ ಹೊಳಪು ಸಿಲ್ವರ್ ಬಣ್ಣದಲ್ಲಿ ಬರೋದೇ ಇಲ್ಲ.

ಇನ್ನೊಂದು ವಿಷಯ, ದಪ್ಪ. ಬಾಡಿಯ ಪಕ್ಕದ ತಗಡು ನಿಜವಾದ ಗಾಡಿಯಲ್ಲಿ 5 ಮಿ.ಮೀ. ಇದ್ದರೆ, ನಮ್ಮ ಅಳತೆಯಲ್ಲಿ 0.2 ಮಿ.ಮೀ. ಮಾತ್ರ. ನಾವು ಬಳಸುವ 1 ಮಿ.ಮೀ. ಪ್ಲಾಸ್ಟಿಕ್ ಶೀಟ್ ನಿಜವಾದ ಗಾಡಿಯ ಲೆಕ್ಕದಲ್ಲಿ 24 ಮಿ.ಮೀ. ಆಗಿಬಿಡುತ್ತೆ, ಯುದ್ಧದ ಟ್ಯಾಂಕ್ ಥರ. ಹಾಗಂತ 0.2ರ ಶೀಟಲ್ಲೇ ಪೂರ್ತಿ ಬಾಡಿ ಕಟ್ಟಿದರೆ ಸೊಟ್ಟಗಾಗುತ್ತೆ. ನಾನು 1 ಮಿ.ಮೀ. ಶೀಟಲ್ಲೇ ಕಟ್ಟಿ, ಕಣ್ಣಿಗೆ ಕಾಣುವ ಮೇಲಂಚನ್ನು ಮಾತ್ರ ಒಳಗಿನಿಂದ ಇಳಿಜಾರಾಗಿ ಕೆರೆದು ತೆಳ್ಳಗೆ ಮಾಡುತ್ತೇನೆ. ಮಡ್‌ಗಾರ್ಡ್‌ಗೂ ಇದೇ ಉಪಾಯ.

ಧೂಳು ಯಾವಾಗಲೂ ಕೊನೆಯ ಕೆಲಸ. ಅಂಗಳದ ಮಣ್ಣನ್ನು ಹಾಗೇ ಉದುರಿಸಬೇಡಿ. ಅರ್ಧ ಮಿ.ಮೀ. ಕಾಳು ಅಂದರೆ ಈ ಅಳತೆಯಲ್ಲಿ 12 ಮಿ.ಮೀ. ಜಲ್ಲಿ, ಅಲ್ವಾ? ಒಣ ಪೇಸ್ಟಲ್ ಚಾಕ್‌ಪೀಸನ್ನು (ಚಿತ್ರ ಬರೆಯೋ ಬಣ್ಣದ ಕಡ್ಡಿ) ಬ್ಲೇಡಿನಿಂದ ಕೆರೆದು, ಆ ಪುಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಕೂರಿಸಿ. ಅದರ ಮೇಲೆ ವಾರ್ನಿಶ್ ಹೊಡೆದರೆ ಬಣ್ಣ ಕಪ್ಪಾಗಿ ಅರ್ಧ ಧೂಳು ಮಾಯ. ಒಂದು ಮಾಡೆಲ್ ನಾನು ಹಾಗೇ ಕೆಡಿಸಿಕೊಂಡೆ. ಈಗ ಸುಮ್ನೆ ಹಾಗೇ ಬಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಧೂಳು ಎಲ್ಲಿ ಇರಲ್ಲ ಅನ್ನೋದನ್ನೂ ನೋಡಬೇಕು. ವೈಪರ್ ಓಡಾಡುವ ಜಾಗ ಒರೆಸಿದಂತಿರುತ್ತೆ. ಬಾಗಿಲ ಹಿಡಿಯ ಸುತ್ತ, ಡ್ರೈವರ್ ಹತ್ತುವ ಮೆಟ್ಟಿಲ ತುದಿ, ಇವೆಲ್ಲ ಕೈಕಾಲು ತಾಗಿ ಸವೆದಿರುತ್ತವೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಮಾತ್ರ ಉಲ್ಟಾ. ಚೆಲ್ಲಿದ ಡೀಸೆಲ್‌ಗೆ ಧೂಳು ಅಂಟಿ ಕಪ್ಪು ಪಟ್ಟೆ ಬಿದ್ದಿರುತ್ತೆ. ಬಾಡಿ ಎತ್ತುವ ಜಾಕಿನ ರಾಡ್ ಕನ್ನಡಿಯಂತೆ ಹೊಳೆಯುತ್ತೆ, ಅದು ಒಳಹೋಗುವ ಬಾಯಿಯ ಸುತ್ತ ಮಾತ್ರ ಎಣ್ಣೆ ಮಣ್ಣಿನ ಉಂಗುರ.

ಆ ಟಿಪ್ಪರಿನ ಬಾಡಿಯ ಒಳಗನ್ನು ಮರಳು ಕಾಗದ ಹಿಡಿದು ಉಜ್ಜಿ, ಬೂದು ಬಣ್ಣದಿಂದ ಮತ್ತೆ ಶುರು ಮಾಡಿದೆ. ಮೂರು ಸಂಜೆ ಹಿಡಿಯಿತು. ಡ್ರೈವರ್ ಇನ್ನೊಮ್ಮೆ ಬಂದಾಗ ಒಳಗೆ ಬೆರಳಾಡಿಸಿ ನೋಡಿದರು. ಬೆರಳಿಗೆ ಪೆನ್ಸಿಲ್ಲಿನ ಮಸಿ ಹತ್ತಿತು. "ಈಗ ಲೋಡ್ ಇಳಿಸಿ ಬಂದಂಗಿದೆ ಸಾರ್" ಅಂದರು.