ಬೆಳಗಿನ ಜಾವದ ಕನಸು, ಬರೆಯುವವರ ಪಾಲಿಗೆ

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಕಡಿಮೆ. ನಿಜವಾಗುವ ವಿಚಾರ ಹಾಗಿರಲಿ, ಆ ಹೊತ್ತಿನ ಕನಸಿಗೆ ಹಿರಿಯರು ಮಣೆ ಹಾಕಿದ್ದಕ್ಕೆ ನಿದ್ದೆಯ ರಚನೆಯಲ್ಲೇ ಕಾರಣವಿದೆ. ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತಿನ ಕೊನೆಗೆ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ‘ರೆಮ್’ ಎಂಬ ಘಟ್ಟ ಬರುತ್ತದೆ. ಶಿಕಾಗೋದಲ್ಲಿ ನಿದ್ದೆಯ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು ಗುರುತಿಸಿ 1953ರಲ್ಲಿ ಪ್ರಕಟಿಸಿದ ಈ ಘಟ್ಟ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷಗಳದ್ದು, ನಸುಕಿನ ಹೊತ್ತಿಗೆ ಅರ್ಧ ಗಂಟೆಯವರೆಗೂ ಬೆಳೆಯಬಲ್ಲದು. ಕಥೆಯಂತೆ ಹೆಣೆದುಕೊಂಡ ಉದ್ದನೆಯ ಕನಸುಗಳು ಹೆಚ್ಚಾಗಿ ಬೀಳುವುದು ಆಗ, ಅಲ್ಲಿಂದ ನೇರವಾಗಿ ಎಚ್ಚರಗೊಳ್ಳುವುದರಿಂದ ನೆನಪಿನಲ್ಲಿ ಉಳಿಯುವುದೂ ಅವೇ.

ಮನೋವೈದ್ಯನಾದ ನನ್ನ ಬಳಿಗೆ ನಿದ್ದೆಗೆಟ್ಟು ಬರುವವರಲ್ಲಿ ಕಥೆ, ಕವಿತೆ ಬರೆಯುವವರೂ ಇರುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು (ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ) ಕನಸುಗಳನ್ನು ಹಿಡಿಯುವ ಹಟಕ್ಕೆ ಬಿದ್ದು ರಾತ್ರಿಗೆ ಮೂರು ಸಲ ಅಲಾರಂ ಇಟ್ಟುಕೊಳ್ಳುತ್ತಿದ್ದರು. ತಿಂಗಳಾಗುವಷ್ಟರಲ್ಲಿ ಹಗಲೆಲ್ಲ ತೂಕಡಿಕೆ, ಮನೆಮಂದಿಯ ಮೇಲೆ ಸಿಡುಕು. ದಿಂಬಿನ ಪಕ್ಕದ ನೋಟ್‌ಬುಕ್ಕನ್ನೂ ತಂದಿದ್ದರು. ಅದರ ಒಂದು ಪುಟದಲ್ಲಿದ್ದುದು ಇಷ್ಟೇ: ‘ಅಮ್ಮ. ಅಪರಾಧಿ ಭಾವ. ಬಡತನ.’

“ಕಣ್ಣಿಗೆ ಕಂಡದ್ದೇನು ಮೇಷ್ಟ್ರೇ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಗ್ಗದ ಮೇಲೆ ಒದ್ದೆ ಸೀರೆ ಒಣಹಾಕಿತ್ತು ಡಾಕ್ಟ್ರೇ. ಸೆರಗಿನಿಂದ ತೊಟ್ಟಿಕ್ಕುತ್ತಿದ್ದುದು ನೀರಲ್ಲ, ಮಜ್ಜಿಗೆ,” ಎಂದರು. ಬರೆಯಬೇಕಾದದ್ದು ಅದನ್ನು! ಅರ್ಥವನ್ನು ಎಚ್ಚರದ ಮನಸ್ಸು ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು, ಮಜ್ಜಿಗೆ ಮಾತ್ರ ಎರಡನೆಯ ಸಲ ಸಿಗುವುದಿಲ್ಲ.

ಅದು ಸಿಗದೇ ಹೋಗುವುದಕ್ಕೆ ರಾಸಾಯನಿಕ ಕಾರಣವೂ ಇದೆ. ರೆಮ್ ಘಟ್ಟದಲ್ಲಿ ಭಾವನೆಗೆ ಮತ್ತು ದೃಶ್ಯಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಬಿರುಸಾಗಿ ಕೆಲಸ ಮಾಡುತ್ತಿರುತ್ತವೆ. ‘ಇದು ಹೇಗೆ ಸಾಧ್ಯ?’ ಎಂದು ತಡೆಯುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಹಾಗಾಗಿಯೇ ಸೀರೆಗೂ ಮಜ್ಜಿಗೆಗೂ ಅಲ್ಲಿ ಸಲೀಸಾಗಿ ನಂಟು ಬೆಳೆಯುತ್ತದೆ. ಆದರೆ ಕಂಡದ್ದನ್ನು ನೆನಪಿನಲ್ಲಿ ಊರಲು ನೆರವಾಗುವ ನೋರ್‌ಅಡ್ರಿನಾಲಿನ್ ಎಂಬ ರಾಸಾಯನಿಕ ಆಗ ಮಿದುಳಿನಲ್ಲಿ ಬಹುತೇಕ ಬತ್ತಿರುವುದರಿಂದ, ಎದ್ದು ಹಲ್ಲುಜ್ಜುವಷ್ಟರಲ್ಲಿ ಕನಸು ಕರಗಿರುತ್ತದೆ. ಎಚ್ಚರವಾದೊಡನೆ ಮಗ್ಗುಲು ಬದಲಿಸದೆ, ಮೊಬೈಲಿಗೆ ಕೈಚಾಚದೆ, ಕೊನೆಯ ದೃಶ್ಯದಿಂದ ಹಿಂದಕ್ಕೆ ನೆನೆದುಕೊಂಡು ಬನ್ನಿ ಎಂದು ಹೇಳುವುದು ಇದಕ್ಕಾಗಿಯೇ.

ಕನಸು ಇಡೀ ಕಥೆಯನ್ನೇ ಕೈಗಿತ್ತೀತೆಂದು ಕಾಯುವವರಿಗೆ ನಾನು ರವೀಂದ್ರನಾಥ ಟಾಗೋರರ ಅನುಭವವನ್ನು ಹೇಳುತ್ತೇನೆ. ಅವರು ‘ಬಾಲಕ’ ಎಂಬ ಮಕ್ಕಳ ಪತ್ರಿಕೆಗೆ ಕಥೆ ಕೊಡಬೇಕಾಗಿದ್ದ ದಿನಗಳವು. ದೇವಘರದಿಂದ ಕಲ್ಕತ್ತೆಗೆ ಮರಳುವ ರಾತ್ರಿ ರೈಲಿನಲ್ಲಿ ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನಿದ್ದೆ ಹತ್ತದೆ, ಕಥೆಯನ್ನಾದರೂ ಯೋಚಿಸೋಣವೆಂದು ಕುಳಿತರೆ ಕಥೆ ಬರಲಿಲ್ಲ, ನಿದ್ದೆ ಬಂತು. ಕನಸಿನಲ್ಲಿ ಗುಡಿಯ ಕಲ್ಲುಮೆಟ್ಟಿಲುಗಳ ಮೇಲೆ ಬಲಿಯ ರಕ್ತ. ಇಷ್ಟೊಂದು ರಕ್ತವೇಕೆ ಎಂದು ಪುಟ್ಟ ಹುಡುಗಿಯೊಬ್ಬಳು ಅಪ್ಪನನ್ನು ಕೇಳುತ್ತಾಳೆ, ಒಳಗೊಳಗೇ ಕಲಕಿಹೋದ ಅಪ್ಪ ಮೇಲೆ ಮಾತ್ರ ಗದರಿ ಅವಳ ಬಾಯಿ ಮುಚ್ಚಿಸಲು ನೋಡುತ್ತಾನೆ. ಟಾಗೋರರು ಆತ್ಮಕಥನದಲ್ಲಿ ಹೇಳಿಕೊಂಡಿರುವ ಪ್ರಕಾರ ಕನಸಿನಿಂದ ದಕ್ಕಿದ್ದು ಇಷ್ಟು. ಇದಕ್ಕೆ ತ್ರಿಪುರದ ಅರಸ ಗೋವಿಂದ ಮಾಣಿಕ್ಯನ ಇತಿಹಾಸವನ್ನು ಹೊಂದಿಸಿ ‘ರಾಜರ್ಷಿ’ ಕಾದಂಬರಿಯನ್ನು ಕಟ್ಟಿದ್ದು ಎಚ್ಚರದ ದುಡಿಮೆ. ಅದೇ ವಸ್ತು ಮುಂದೆ ‘ವಿಸರ್ಜನ’ ನಾಟಕವೂ ಆಯಿತು. ವೈದ್ಯನಾದ ನನ್ನ ಕಣ್ಣು ಹೋಗುವುದು ನಿದ್ದೆಗೆ ಮುಂಚಿನ ಆ ವಿಫಲ ಯೋಚನೆಯ ಕಡೆಗೆ. ಮಲಗುವ ಮುನ್ನ ಮನಸ್ಸು ಜಗ್ಗಾಡಿದ ವಿಷಯ ಕನಸಿನೊಳಕ್ಕೆ ನುಸುಳುವ ಸಾಧ್ಯತೆ ಹೆಚ್ಚು.

ಸಜ್ಜನ ವೈದ್ಯ ಜೆಕಿಲ್ ತಾನೇ ದುಷ್ಟ ಹೈಡ್ ಆಗಿ ಬದಲಾಗುವ, ಸ್ಕಾಟ್ಲೆಂಡಿನ ಲೇಖಕ ಸ್ಟೀವನ್‌ಸನ್ನರ ಜೆಕಿಲ್–ಹೈಡ್ ಕಥೆಯೂ ಹೀಗೆಯೇ ಹುಟ್ಟಿತು. ಬೆನ್ನಟ್ಟಿ ಬಂದವರ ಕಣ್ಣೆದುರೇ ಹೈಡ್ ಪುಡಿಯನ್ನು ನುಂಗಿ ರೂಪ ಬದಲಿಸುವಂಥ ಒಂದೆರಡು ದೃಶ್ಯಗಳು ಮಾತ್ರ ಕನಸಿನವು, ಮಿಕ್ಕದ್ದೆಲ್ಲ ಎಚ್ಚರದಲ್ಲಿ ರಚಿಸಿದ್ದೆಂದು ಅವರೇ 1888ರ ಪ್ರಬಂಧದಲ್ಲಿ ಬರೆದಿದ್ದಾರೆ.

ಎಚ್ಚರಿಕೆಯ ಮಾತೊಂದಿದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ರೆಮ್ ನಿದ್ದೆಯನ್ನು ತಗ್ಗಿಸುತ್ತವೆ, ಅವನ್ನು ದಿಢೀರನೆ ನಿಲ್ಲಿಸಿದರೆ ಕನಸುಗಳು ಉಕ್ಕಿ ಬರುತ್ತವೆ. ಬರವಣಿಗೆಗೆ ಅನುಕೂಲವಾದೀತೆಂದು ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಕನಸಿನ ಜೊತೆಗೆ ತಲೆಸುತ್ತು, ಕಳವಳ ಮತ್ತು ಮರುಕಳಿಸಿದ ಕಾಯಿಲೆಯನ್ನೂ ಅವರು ಹೊತ್ತು ಬಂದಿದ್ದರು. ಇನ್ನು, ಒಂದೇ ದುಃಸ್ವಪ್ನ ವಾರದಲ್ಲಿ ಹಲವು ಸಲ ಎಬ್ಬಿಸುತ್ತಿದ್ದರೆ ಅದನ್ನು ಕಥಾವಸ್ತುವೆಂದು ಸಾಕುವ ಬದಲು ವೈದ್ಯರಿಗೆ ತೋರಿಸಬೇಕು.

ಮೇಷ್ಟ್ರು ಅಲಾರಂ ಬಿಟ್ಟರು, ಏಳು ಗಂಟೆ ನಿದ್ದೆ ಮಾಡಿದರು. ಮುಂದಿನ ಭೇಟಿಯಲ್ಲಿ, “ಆ ಮಜ್ಜಿಗೆಯ ಅರ್ಥವೇನು ಡಾಕ್ಟ್ರೇ?” ಎಂದರು. ಅದಕ್ಕೆ ಉತ್ತರಿಸದೆ, ಹಗ್ಗ ಕಟ್ಟಿದ್ದು ಯಾರ ಹಿತ್ತಿಲಿನಲ್ಲಿ ಎಂದು ಕೇಳಿದೆ. “ನಮ್ಮದಲ್ಲ, ಪಕ್ಕದ ಮನೆಯವರದು,” ಎಂದವರು ಮಾತು ನಿಲ್ಲಿಸಿ ಜೇಬಿನಲ್ಲಿ ಪೆನ್ನು ತಡಕತೊಡಗಿದರು.