‘ಪು’ ಎಲ್ಲಿ, ‘ಮೇಯ್’ ಎಲ್ಲಿ?

ಓದುಗರ ಪ್ರಶ್ನೆ: ನಾನು ಮ್ಯಾಂಡರಿನ್ ಚೀನೀ ಕಲಿಯುತ್ತಿದ್ದೇನೆ. ‘ಪು’, ‘ಮೇಯ್’ ಎರಡಕ್ಕೂ ‘ಇಲ್ಲ’ ಅಂತಲೇ ಅರ್ಥ ಅಲ್ವಾ? ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ಪ್ರತಿ ಸಲ ತಪ್ಪುತ್ತದೆ.

ಉತ್ತರ: ಇಂಗ್ಲಿಷಿನ ‘ನಾಟ್’ ಹಿಡಿದುಕೊಂಡು ಹೊರಟರೆ ಇದು ತಪ್ಪುತ್ತಲೇ ಇರುತ್ತದೆ. ಕನ್ನಡದ ದಾರಿಯಲ್ಲಿ ಬನ್ನಿ. ‘ನಾನು ಮೇಷ್ಟ್ರಲ್ಲ’, ‘ನನ್ನ ಹತ್ರ ದುಡ್ಡಿಲ್ಲ’ ಅನ್ನುವಾಗ ನಮಗೆ ‘ಅಲ್ಲ’, ‘ಇಲ್ಲ’ ಅದಲುಬದಲಾಗುವುದಿಲ್ಲ. ಚೀನೀಯಲ್ಲಿ ಆ ‘ಅಲ್ಲ’ವೇ ‘ಪು ಷಿ’, ಆ ‘ಇಲ್ಲ’ವೇ ‘ಮೇಯ್ ಯೋ’. ವೊ ಪು ಷಿ ಲಾವ್‌ಷಿ: ನಾನು ಮೇಷ್ಟ್ರಲ್ಲ. ವೊ ಮೇಯ್ ಯೋ ಛ್ಯೆನ್: ನನ್ನ ಹತ್ರ ದುಡ್ಡಿಲ್ಲ. ‘ಯೋ’ ಅಂದರೆ ‘ಇದೆ’. ಅದರ ಹಿಂದೆ ‘ಪು’ ಬರುವುದೇ ಇಲ್ಲ.

ಅಂದಹಾಗೆ, ಪಿನ್‌ಯಿನ್‌ನಲ್ಲಿ, ಅಂದರೆ ಚೀನೀಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಯಲ್ಲಿ, ‘ಪು’ವನ್ನು ರೋಮನ್ ‘ಬಿ’ ಅಕ್ಷರ ಹಾಕಿ ಬರೆಯುತ್ತಾರೆ. ಸದ್ದು ಮಾತ್ರ ನಮ್ಮ ‘ಪ’ಕ್ಕೇ ಹತ್ತಿರ.

ಕ್ರಿಯಾಪದ ಬಂದಾಗ ಆಡುಮಾತು ನೆನಪಿಸಿಕೊಳ್ಳಿ. ‘ಹೋಗಲ್ಲ’ ಅನ್ನುವ ಕಡೆ ‘ಪು’, ‘ಹೋಗಲಿಲ್ಲ’ ಅಥವಾ ‘ಹೋಗಿಲ್ಲ’ ಅನ್ನುವ ಕಡೆ ‘ಮೇಯ್’. ಚೀನೀ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೀರಿ ಅಂದುಕೊಳ್ಳಿ. ಮಾಂಸದ ತಟ್ಟೆ ನಿಮ್ಮ ಕಡೆ ಬರುತ್ತಿದೆ. ನೀವು ಸಸ್ಯಾಹಾರಿ. ‘ವೊ ಪು ಛಿ ರೋ’ ಅಂದರೆ ನಾನು ಮಾಂಸ ತಿನ್ನಲ್ಲ ಅಂತ. ಅಲ್ಲಿ ‘ವೊ ಮೇಯ್ ಛಿ ರೋ’ ಅಂದರೆ ‘ನಾನು ಮಾಂಸ ತಿಂದಿಲ್ಲ’ ಅಂತಾಗುತ್ತದೆ. ಪಾಪ, ಇವರಿಗೆ ಇನ್ನೂ ಸಿಕ್ಕಿಲ್ಲ ಅಂತ ಅವರು ಪ್ರೀತಿಯಿಂದ ನಾಲ್ಕು ತುಂಡು ಜಾಸ್ತಿಯೇ ಬಡಿಸಬಹುದು.

‘ಮೇಯ್ ಅಂದರೆ ಭೂತಕಾಲ’ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ‘ಮೊದಲು ನಾನು ಟೀ ಕುಡೀತಿರಲಿಲ್ಲ’ ಅನ್ನುವುದು ಹಳೇ ಮಾತೇ. ಆದರೂ ಅದು ರೂಢಿಯ ವಿಷಯ, ಹಾಗಾಗಿ ‘ಪು ಹ ಛಾ’. ಒಂದು ಕೆಲಸ ನಡೆಯಲಿಲ್ಲ ಅನ್ನುವುದಕ್ಕೆ ‘ಮೇಯ್’. ಅಭ್ಯಾಸ, ಇಷ್ಟ, ಮನಸ್ಸಿನ ಸ್ಥಿತಿ, ಗುಣ, ಇವಕ್ಕೆ ‘ಪು’.

ಕನ್ನಡ ಕೈಕೊಡುವುದೂ ಇಲ್ಲೇ. ನಾವು ಗೊತ್ತಿಲ್ಲ, ಇಷ್ಟ ಇಲ್ಲ, ಚೆನ್ನಾಗಿಲ್ಲ ಅನ್ನುತ್ತೇವೆ. ‘ಇಲ್ಲ’ ಕೇಳಿದ ತಕ್ಷಣ ನಾಲಿಗೆ ‘ಮೇಯ್’ ಕಡೆ ಓಡುತ್ತದೆ. ಆದರೆ ಚೀನೀಯಲ್ಲಿ ಪು ಚಿತಾವ್, ಪು ಶಿಹ್ವಾನ್, ಪು ಹಾವ್ ಅಂತಲೇ ಹೇಳಬೇಕು. ಈ ಮೂರನ್ನು ಮಾತ್ರ ಯೋಚನೆ ಮಾಡದೆ ಬಾಯಿಗೆ ಕೂರಿಸಿಕೊಳ್ಳಿ. ಕನ್ನಡದವರು ಎಡವುವುದು ಇಲ್ಲೇ ಜಾಸ್ತಿ.

ಇನ್ನು ‘ಲ’ ಅನ್ನುವ ಪುಟ್ಟ ಪದ. ಕೆಲಸ ಆಯ್ತು, ಇಲ್ಲವೇ ಪರಿಸ್ಥಿತಿ ಬದಲಾಯ್ತು ಅಂತ ತೋರಿಸಲು ಇದನ್ನು ಹಾಕುತ್ತಾರೆ. ನಮ್ಮಲ್ಲಿ ಎದುರಾದವರನ್ನು ‘ಊಟ ಆಯ್ತಾ?’ ಅನ್ನುವ ಹಾಗೆ ಚೀನಾದಲ್ಲೂ ‘ನಿ ಛಿ ಲ ಮಾ?’ ಅಂತ ಮಾತಾಡಿಸುವ ರೂಢಿಯಿದೆ. ಇನ್ನೂ ಆಗಿಲ್ಲ ಅಂದರೆ ‘ಹಾಯ್ ಮೇಯ್ ಛಿ’. ಪ್ರಶ್ನೆಯಲ್ಲಿ ‘ಲ’ ಕೇಳಿದ್ದಕ್ಕೆ ಉತ್ತರದಲ್ಲೂ ‘ಮೇಯ್ ಛಿ ಲ’ ಅನ್ನುವುದು ಕಲಿಯುವವರು ಮಾಡುವ ತಪ್ಪು. ಆ ‘ಲ’ ಬಿಟ್ಟುಬಿಡಿ. ಅದೇ ‘ಪು ಛಿ ಲ’ ಸರಿಯಾದ ಮಾತು. ಹೊಟ್ಟೆ ತುಂಬಿದ ಮೇಲೂ ಬಡಿಸಲು ಬಂದವರಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಹೇಳುತ್ತೇವಲ್ಲ, ‘ಸಾಕು, ಇನ್ನು ತಿನ್ನಲ್ಲ’ ಅಂತ, ಅದು.