ಪೇಂಟ್ ಡಬ್ಬಕ್ಕೆ ಮೊದಲು ಕೆರೆಯುವ ಬ್ಲೇಡ್

ಮನೆಗೆ ಬಣ್ಣ ಬಳಿಯುವ ಮಾತು ಬಂದರೆ ಯಾವ ಕಂಪನಿಯ ಪೇಂಟ್ ಒಳ್ಳೆಯದೆಂದು ಎಲ್ಲರೂ ಕೇಳುತ್ತಾರೆ. ಗೋಡೆಯನ್ನು ಯಾವುದರಿಂದ ಕೆರೆಯಬೇಕೆಂದು ಕೇಳುವವರು ವಿರಳ. ಕೊಡಗಿನಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಮುಖ ಕೊಟ್ಟ ಗೋಡೆ ನೀರು ಕುಡಿದು ನಿಂತಿರುತ್ತದೆ. ಹೊರಗೆ ಪಾಚಿ, ಒಳಗೆ ಬೀರುವಿನ ಹಿಂದೆ ಕಪ್ಪು ಬೂಷ್ಟು. ಅದರ ಮೇಲೆ ಎಂಥ ದುಬಾರಿ ಎಮಲ್ಷನ್ (ನೀರು ಬೆರೆಸುವ ಗೋಡೆ ಪೇಂಟ್) ಬಳಿದರೂ ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬಿ ಏಳುತ್ತದೆ.

ಹಾಗಾಗಿ ಮೊದಲ ಖರ್ಚು ಗಟ್ಟಿ ಹಿಡಿಯ ಕೆರೆಯುವ ಬ್ಲೇಡ್, ತಂತಿ ಬ್ರಷ್ ಮತ್ತು ಉಪ್ಪು ಕಾಗದಕ್ಕೆ. ಒರಟು ಕೆಲಸಕ್ಕೆ 80ನೇ ನಂಬರಿನ ಕಾಗದ, ಗೋಡೆ ನುಣುಪಾಗಿಸುವ ಪುಟ್ಟಿ ಲೇಪ ಒಣಗಿದ ಮೇಲೆ 180 ಅಥವಾ 220. ಹಳೆಯ ಸುಣ್ಣದ ಗೋಡೆಯನ್ನು ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ, ಆ ಪದರ ಹೋಗುವವರೆಗೆ ಪ್ರೈಮರ್ (ಪೇಂಟ್‌ಗೆ ಮೊದಲು ಬಳಿಯುವ ಲೇಪ) ಡಬ್ಬ ತೆರೆಯಬೇಡಿ. ಬೂಷ್ಟನ್ನು ಒಣಗಿದ್ದಾಗ ಉಜ್ಜಿದರೆ ಕೋಣೆಯೆಲ್ಲ ಹರಡುತ್ತದೆ. ಕೈಗವಸು ಹಾಕಿ, ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ತೊಳೆಯಿರಿ. ಆ ನೀರಿಗೆ ಆಸಿಡ್ ಇರುವ ಶೌಚಾಲಯದ ದ್ರಾವಣವನ್ನು ಮಾತ್ರ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಅಂಟಿಸಿಡಿ. ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಮನೆ ಸಿದ್ಧವಾಗಲೇಬೇಕೆಂಬ ಅವಸರ ನನಗೆ ಅರ್ಥವಾಗುತ್ತದೆ. ಗೋಡೆಗೆ ಅರ್ಥವಾಗುವುದಿಲ್ಲ.

ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆಗಳ) ಬಾಗಿಲು, ಕಿಟಕಿ, ಕಂಬಗಳ ಆಯಿಲ್ ಪೇಂಟ್‌ನಲ್ಲಿ ಸೀಸವಿರುವ ಸಾಧ್ಯತೆ ಇದೆ. ಮನೆಬಳಕೆಯ ಪೇಂಟ್‌ನಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಂಥ ಹಳೆಯ ಪೇಂಟ್ ಮೇಲೆ ಉಜ್ಜುವ ಯಂತ್ರ ಹಾಕಿ ಧೂಳೆಬ್ಬಿಸಬೇಡಿ. ನೀರಿನಲ್ಲಿ ಉಜ್ಜುವ ಕಾಗದ ತಂದು ಒದ್ದೆ ಮಾಡಿಯೇ ಉಜ್ಜಿ, ಒಳ್ಳೆಯ ಮಾಸ್ಕ್ ಧರಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಬ್ರಷ್ಷನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಎಳೆಗಳನ್ನು ಹೆಬ್ಬೆರಳಿನಿಂದ ಬಿಡಿಸಿ ಬುಡ ನೋಡಿ. ತಗಡಿನ ಕೊರಳೊಳಗೆ ಅಗಲವಾದ ಮರದ ಚೂರು ಕಂಡರೆ ಅದು ಎಳೆ ಉಳಿಸಿ ಮಾಡಿದ ಮಾಲು. ತುದಿಗಳು ನವಿರಾಗಿ ಸೀಳಿರಬೇಕು, ಒಂದೇ ಸಮ ಕತ್ತರಿಸಿದಂತಿರಬಾರದು. ಮೆಲ್ಲಗೆ ಎಳೆದಾಗ ನಾಲ್ಕೈದು ಎಳೆ ಕೈಗೆ ಬಂದರೆ ಅಲ್ಲೇ ಇಟ್ಟುಬಿಡಿ, ಉಳಿದವು ನಿಮ್ಮ ಗೋಡೆಯ ಮೇಲೆ ಉದುರುತ್ತವೆ. ಎನಾಮಲ್‌ಗೆ, ಅಂದರೆ ಬಾಗಿಲು ಕಿಟಕಿಯ ಆಯಿಲ್ ಪೇಂಟ್‌ಗೆ, ಹಂದಿಕೂದಲಿನ ಬ್ರಷ್ ಸರಿ. ಎಮಲ್ಷನ್‌ಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯದೇ ಬೇಕು, ಏಕೆಂದರೆ ಕೂದಲು ನೀರು ಕುಡಿದು ಮೆತ್ತಗಾಗಿ ಬಿರಿಯುತ್ತದೆ. ಮೂಲೆಗಳಿಗೆ ಎರಡು ಇಂಚಿನದು, ಚೌಕಟ್ಟಿಗೆ ಒಂದು ಇಂಚಿನದು ಇದ್ದರೆ ಸಾಕು.

ರೋಲರ್‌ನಲ್ಲಿ ನೋಡಬೇಕಾದದ್ದು ನೂಲಿನ ಉದ್ದ. ಪುಟ್ಟಿ ಹಾಕಿದ ನುಣುಪು ಗೋಡೆಗೆ 10 ಮಿಲಿಮೀಟರ್ ಒಳಗಿನದು, ಹೊರಗಿನ ಒರಟು ಗಾರೆಗೆ 18ರ ಆಸುಪಾಸಿನದು. ಒಂಬತ್ತು ಇಂಚಿನ ರೋಲರ್‌ಗೆ ಉದ್ದ ಕೋಲು ಸಿಕ್ಕಿಸಿದರೆ ಏಣಿ ಹತ್ತುವ ಕೆಲಸ ಬಹುಪಾಲು ತಪ್ಪುತ್ತದೆ. ಸ್ಪ್ರೇ ಯಂತ್ರದ ಬಗ್ಗೆ ಹಲವರು ವಿಚಾರಿಸುತ್ತಾರೆ. ಒಂದು ಮನೆಯ ಕೆಲಸಕ್ಕೆ ಅದನ್ನು ಕೊಳ್ಳುವುದು ದಂಡ.

ಏಣಿ ತಪ್ಪದಿದ್ದರೆ ತೋಟದಿಂದ ಮೆಣಸು ಕೊಯ್ಯುವ ಏಣಿಯನ್ನು ಒಳಗೆ ತರಬೇಡಿ. ಮರಕ್ಕೆ ಒರಗಿಸಿದಾಗ ಅದರ ಕಾಲು ಮಣ್ಣಿನಲ್ಲಿ ಊರಿಕೊಳ್ಳುತ್ತದೆ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ. ತಾನೇ ನಿಲ್ಲುವ, ಕಾಲಿಗೆ ರಬ್ಬರ್ ಇರುವ ಮಡಚುವ ಏಣಿಯನ್ನು ಬಾಡಿಗೆಗೆ ತನ್ನಿ.

ಕೆಲಸ ಮುಗಿದ ಸಂಜೆಯೇ ಎಮಲ್ಷನ್ ಬ್ರಷ್, ರೋಲರ್‌ಗಳನ್ನು ನೀರಿನಲ್ಲಿ, ಎನಾಮಲ್ ಬ್ರಷ್ಷನ್ನು ಟರ್ಪೆಂಟೈನ್‌ನಲ್ಲಿ ತೊಳೆಯಿರಿ. ರೋಲರ್ ಪೂರ್ತಿ ಒಣಗುವ ಮೊದಲು ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟರೆ ನಮ್ಮ ಹವೆಗೆ ಅದಕ್ಕೂ ಬೂಷ್ಟು ಹಿಡಿಯುತ್ತದೆ. ಹಾಗೆ ಬೂಷ್ಟು ಹಿಡಿದದ್ದನ್ನು ಮುಂದಿನ ವರ್ಷ ತೊಳೆದು ಬಳಸುವ ಬದಲು ಎಸೆಯುವುದೇ ವಾಸಿ.